ಗುರುವಾರದ ಜೊತೆಗಾರ

ನ್ಯೂಯಾರ್ಕ್ ನಗರದ ಗ್ರಾಹಕ ರಕ್ಷಣಾ ಕಚೇರಿಯಲ್ಲಿ ವಕೀಲೆಯಾಗಿದ್ದ ಇವೆಲೀಸ್ ಕೊಟ್ಟೊ ಎಂಬವಳ ಮೇಜಿಗೆ ಬರುತ್ತಿದ್ದ ದೂರುಗಳೆಲ್ಲ ಸಿಟ್ಟಿನವು. ಮೋಸಹೋದವರು ಸಿಟ್ಟಾಗುವುದು ಸಹಜ. ಬ್ರೂಕ್ಲಿನ್‌ನ ಕಾನ್ನಿ ಅಮೊರೂಸೊ ಎಂಬ ಮುದುಕಿಯ ವಿಷಯದಲ್ಲಿ ಮಾತ್ರ ಸಿಟ್ಟು ಬಂದದ್ದು ಅವಳಿಗಲ್ಲ, ಅವಳ ಮಗಳು ಲೊರೇನ್‌ಗೆ.

"ನಮ್ಮಮ್ಮನಿಗೆ ಎಪ್ಪತ್ತೆಂಟು," ಎಂದಳು ಲೊರೇನ್ ಫೋನಿನಲ್ಲಿ. "ಆ ಡ್ಯಾನ್ಸ್ ಸ್ಕೂಲಿನವರು ಅವಳಿಗೆ ಮಾರಿರೋ ಪಾಠ ಎಲ್ಲ ಮುಗಿಯೋ ಹೊತ್ತಿಗೆ ನೂರಾ ನಾಲ್ಕಾಗಿರತ್ತೆ. ಅಷ್ಟು ದಿನ ಮೊಣಕಾಲು ಇರತ್ತಾ ಅಂತ ಒಬ್ರಾದ್ರೂ ಕೇಳ್ಬಾರ್ದಾ?"

ಎಂಬತ್ತಾರನೇ ಬೀದಿಯ ಆ ಶಾಲೆಯ ಮೇಲೆ ದೂರು ಅದೇ ಮೊದಲಲ್ಲ. ಆದರೆ ಹಿಂದೆ ದೂರಿದವರಲ್ಲಿ ಒಬ್ಬಳು ತೀರಿಕೊಂಡಿದ್ದಳು, ಇಬ್ಬರು ನಾಚಿಕೆಯಿಂದ ಹಿಂದೆ ಸರಿದಿದ್ದರು. ಸಾಕ್ಷಿ ಹೇಳುವವರಿಲ್ಲದೆ ವಿಚಾರಣೆಯಲ್ಲಿ ದೂರು ನಿಲ್ಲುವಂತಿರಲಿಲ್ಲ. ಇವೆಲೀಸ್ ಬೆನ್ಸನ್‌ಹರ್ಸ್ಟ್‌ನ ಕಾನ್ನಿಯ ಇಟ್ಟಿಗೆ ಮನೆಗೆ ತಾನೇ ಹೋದಳು.

ಕಾನ್ನಿ ಕಾಫಿ ಕಾಸಿ, ಸೋಂಪಿನ ಬಿಸ್ಕತ್ತು ಮುಂದಿಟ್ಟು, ಎದುರಿಗೆ ಕುಳಿತಳು. ಕೂದಲನ್ನು ಆಗತಾನೇ ಸೆಟ್ ಮಾಡಿಸಿಕೊಂಡು ಬಂದಂತಿತ್ತು.

"ಮೋಸ ಅಂತ ಯಾರಮ್ಮ ಹೇಳಿದ್ದು? ಲೊರೇನಾ? ಅವಳು ಸ್ಟೇಟನ್ ಐಲ್ಯಾಂಡಿಂದ ಬರ್ತಾಳೆ, ನನ್ನ ಫ್ರಿಜ್ ತೆಗೆದು ಏನು ಕೊಳೆತಿದೆ ನೋಡ್ತಾಳೆ, ಹೋಗ್ತಾಳೆ."

"ನಿಮ್ಮ ಡ್ಯಾನ್ಸ್ ಮೇಷ್ಟ್ರು ಏನಾದ್ರೂ ಹೇಳಿ ಒಪ್ಪಂದಕ್ಕೆ ಸಹಿ ಹಾಕಿಸ್ಕೊಂಡ್ರಾ?"

"ರಾಡುನಾ? ಸಹಿ ಹಾಕದೇ ಇದ್ರೆ ತನ್ನ ಕೆಲಸ ಹೋಗತ್ತೆ, ವಾಪಸ್ ತನ್ನ ದೇಶ ಮೊಲ್ಡೋವಾಕ್ಕೆ ಕಳಿಸ್ತಾರೆ ಅಂದ. ಸುಳ್ಳು ಅಂತ ಗೊತ್ತಿತ್ತು ಕಣಮ್ಮ. ಐವತ್ತು ವರ್ಷ ಕಾರ್ಮೈನ್ ಜೊತೆ ಬಾಳಿದ್ದೀನಿ, ಗಂಡಸರ ಸುಳ್ಳು ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಹಾಕಿದ್ರಿ?"

ಕಾನ್ನಿ ಬಟ್ಟಲನ್ನು ತಟ್ಟೆಯ ಮೇಲೆ ಸ್ವಲ್ಪ ತಿರುಗಿಸಿದಳು. "ಕಾರ್ಮೈನ್ ಹೋದ ಮೇಲೆ ನನ್ನ ಮೈ ಮುಟ್ಟಿದವನು ಅಂದ್ರೆ ಪಾದದ ಡಾಕ್ಟರ್ ಒಬ್ನೇ. ಅವನೂ ಗ್ಲೌಸ್ ಹಾಕ್ಕೊಂಡು. ಗಂಡ, ಮಕ್ಕಳು, ನಮ್ಮತ್ತೆ, ಎಲ್ಲರನ್ನೂ ಎಳ್ಕೊಂಡು ಬಂದವಳು ನಾನು. ರಾಡು ಬೆನ್ನ ಮೇಲೆ ಕೈ ಇಟ್ರೆ ಎಲ್ಲಿಗೆ ಹೋಗ್ಬೇಕು ಅಂತ ಯೋಚಿಸ್ಬೇಕಾಗಿಲ್ಲ. ಗುರುವಾರ ಒಂದು ಗಂಟೆ ನನ್ನನ್ನೂ ಯಾರಾದ್ರೂ ಕರ್ಕೊಂಡು ಹೋಗ್ಲಿ ಬಿಡು. ನಾನು ಸಾಕ್ಷಿಗೀಕ್ಷಿ ಹೇಳಲ್ಲ."

ಇವೆಲೀಸ್ ಸಿದ್ಧಮಾಡಿಕೊಂಡು ಬಂದಿದ್ದ ಉಳಿದ ಪ್ರಶ್ನೆಗಳನ್ನು ಕೇಳಲಿಲ್ಲ.

ಮರುವಾರ ಗುರುವಾರ ಎಂಬತ್ತಾರನೇ ಬೀದಿಯಲ್ಲಿ ಅವಳಿಗೆ ಬೇರೊಂದು ಕೆಲಸವಿತ್ತು. ಮುಗಿಸಿಕೊಂಡು ಮೇಲ್ದಾರಿಯ ರೈಲು ನಿಲ್ದಾಣ ಹತ್ತಿದಾಗ ಎದುರಿಗೇ ನೃತ್ಯಶಾಲೆಯ ಕಿಟಕಿಗಳು ಕಂಡವು. ಎರಡನೇ ಮಹಡಿ, ಪ್ಲಾಟ್‌ಫಾರಂನ ಸರಿಸಮಕ್ಕೆ. ಗಾಜಿನಾಚೆ ಕಾನ್ನಿ ನೀಲಿ ಲಂಗ ತೊಟ್ಟು ಎತ್ತರದ ಯುವಕನೊಬ್ಬನ ಜೊತೆ ಸರಿದಾಡುತ್ತಿದ್ದಳು. ಸಂಗೀತ ಕೇಳಿಸುತ್ತಿರಲಿಲ್ಲ. ಅವಳ ಕಣ್ಣು ಮುಚ್ಚಿತ್ತು. ಮುಖದಲ್ಲಿ ನಗುವಿರಲಿಲ್ಲ; ದಣಿದು ಬಂದವರು ಬಿಸಿನೀರಿಗೆ ಕಾಲಿಟ್ಟಾಗ ಇರುತ್ತದಲ್ಲ, ಅಂಥ ಮುಖ.

ರೈಲು ಬಂದು ನಡುವೆ ನಿಂತು, ಹೋಯಿತು. ಇವೆಲೀಸ್ ಹತ್ತಲಿಲ್ಲ. ಬ್ರಾಂಕ್ಸ್‌ನ ಅಡುಗೆಮನೆಯಲ್ಲಿ ಅವಳು ಚಿಕ್ಕವಳಿದ್ದಾಗ ಅಪ್ಪ ಭಾನುವಾರಗಳಲ್ಲಿ ಅಮ್ಮನ ಕೈಯಿಂದ ಸೌಟು ಕಸಿದಿಟ್ಟು ಕುಣಿಸುತ್ತಿದ್ದ. ಅಂಥದ್ದು ತನಗೂ ತಾನಾಗಿಯೇ ಬರುತ್ತದೆ ಎಂದುಕೊಂಡು ಅವಳು ಬೆಳೆದಿದ್ದಳು. ಮದುವೆಯಾಗಿ, ಮುರಿದು, ಈಗ ನಲವತ್ತಾರು. ಮುಂದಿನ ರೈಲು ಬರುವವರೆಗೂ ಅವಳು ಗಾಜಿನ ಕಡೆಗೇ ನೋಡುತ್ತ ನಿಂತಳು.

ವಿಚಾರಣೆಗೆ ಇನ್ನೇನು ಕೆಲವೇ ದಿನ ಇರುವಾಗ ಕಾನ್ನಿಯೇ ಫೋನ್ ಮಾಡಿದಳು.

"ಲಾಯರಮ್ಮ, ನಾನು ಬರ್ತೀನಿ."

"ಏನಾಯ್ತು ಮಿಸೆಸ್ ಅಮೊರೂಸೊ?"

"ಯೂನಿಸ್ ಅಂತ ಹೊಸಬಳು ಸೇರಿದ್ದಾಳೆ. ಪಾಪ, ನೆನಪು ನಿಲ್ಲಲ್ಲ. ನಿನ್ನೆ ಒಂದೇ ಮಧ್ಯಾಹ್ನ ಮೂರು ಸಲ ಸಹಿ ಹಾಕಿಸಿದ್ರು. ಪ್ರತಿ ಸಲಾನೂ ಅದೇ ಮೊದಲು ಅಂದ್ಕೊಂಡು ಹಾಕಿದ್ಲು. ರಾಡು ಅದೇ ಮೊಲ್ಡೋವಾ ಕಥೆ ಹೇಳಿದ, ಅವಳು ಪ್ರತಿ ಸಲಾನೂ ಅತ್ಲು. ನಾನು ಗೊತ್ತಿದ್ದೂ ದುಡ್ಡು ಕೊಟ್ಟೆ. ಅವಳಿಗೇನು ಗೊತ್ತು?"

"ನೀವು ಸಾಕ್ಷಿ ಹೇಳಿದ್ರೆ ಶಾಲೆ ಮುಚ್ಚಿಹೋಗಬಹುದು."

"ಅಷ್ಟು ತಿಳಿಯಲ್ವಾ ನನಗೆ?"

ವಿಚಾರಣೆಯ ದಿನ ಅವಳು ಅದೇ ನೀಲಿ ಲಂಗ ಉಟ್ಟು ಬಂದಳು. ಎಲ್ಲವನ್ನೂ ಹೇಳಿದಳು. ಶಾಲೆಯ ಪರ ವಕೀಲ ಎದ್ದು ನಯವಾಗಿ ಕೇಳಿದ: "ಅಂದ್ರೆ ತಾಯಿ, ಸುಳ್ಳು ಅಂತ ನಿಮಗೆ ಗೊತ್ತಿತ್ತು. ನೀವು ಮೋಸ ಹೋಗ್ಲಿಲ್ಲ."

"ಇಲ್ಲಪ್ಪ. ನಾನು ಆಸೆಪಟ್ಟೆ. ಅದನ್ನ ನೋಡ್ಕೊಂಡೇ ತಾನೆ ಆ ಸುಳ್ಳು ಹೆಣೆದದ್ದು."

ಕೇಳಿದವರು ನಂಬಿದರೋ ಇಲ್ಲವೋ ಎನ್ನುವುದು ಕಾನೂನಿನ ಪ್ರಶ್ನೆಯಲ್ಲ, ಆ ಮಾತು ಮೋಸ ಮಾಡಬಲ್ಲದೇ ಎನ್ನುವುದಷ್ಟೇ ಪ್ರಶ್ನೆ ಎಂದು ಇವೆಲೀಸ್ ವಾದಿಸಿದಳು. ಆಮೇಲೆ ರಾಡುವನ್ನು ಕರೆಸಿದಳು. ಮಾಲೀಕ ಮುಂದಿನ ಸಾಲಿನಲ್ಲಿ ಅವನನ್ನೇ ದಿಟ್ಟಿಸುತ್ತ ಕೂತಿದ್ದ.

"ಆ ಮೊಲ್ಡೋವಾ ಕಥೆ ನಿಮ್ಮದೇನಾ?"

"ಅಲ್ಲ ಮೇಡಂ. ನಮಗೆಲ್ಲ ಅದನ್ನ ಕಲಿಸ್ತಾರೆ," ಎಂದ ರಾಡು. "ಹೆಜ್ಜೆ ಕಲಿಸೋ ಹಾಗೇ. ಎಲ್ಲಿ ಮಾತು ನಿಲ್ಲಿಸ್ಬೇಕು, ಯಾವಾಗ ತಲೆ ತಗ್ಗಿಸ್ಬೇಕು, ಎಲ್ಲ." ಹೇಳುವಾಗಲೂ, ಹೇಳಿ ಮುಗಿಸಿ ಹೊರಗೆ ಹೋಗುವಾಗಲೂ ಕಾನ್ನಿಯ ಕಡೆ ಅವನು ನೋಡಲಿಲ್ಲ.

ತೀರ್ಪು ಕಚೇರಿಯ ಪರವಾಗಿ ಬಂತು. ಒಪ್ಪಂದಗಳೆಲ್ಲ ರದ್ದಾದವು. ಯೂನಿಸ್‌ಳ ಸೋದರಳಿಯ ಬಂದು ಕೈಕುಲುಕಿ ಹೋದ. ಲೊರೇನ್ ದೊಡ್ಡ ಡಬ್ಬಿ ತುಂಬ ಸಿಹಿ ಕಳಿಸಿದಳು. ನಿಯಮದ ಪ್ರಕಾರ ಇವೆಲೀಸ್ ಅದನ್ನು ಹಿಂದಿರುಗಿಸಬೇಕಾಯಿತು. ಈಸ್ಟರ್‌ಗೆ ಮೊದಲೇ ಶಾಲೆ ಬಾಗಿಲು ಹಾಕಿತು.

ಬೇಸಿಗೆಯ ಒಂದು ಗುರುವಾರ ಮಧ್ಯಾಹ್ನ ಮತ್ತೆ ಕಾನ್ನಿಯ ಫೋನ್ ಬಂತು.

"ಏನೂ ದೂರಿಲ್ಲ ಕಣಮ್ಮ. ಚರ್ಚಿನ ಹಾಲಲ್ಲಿ ಮುದುಕರಿಗೆ ಡ್ಯಾನ್ಸ್ ಇಟ್ಟಿದ್ದಾರೆ. ಒಂದು ಹಿಂಡು ಹೆಂಗಸರು, ಒಬ್ಬ ಗಂಡಸು, ಅವನಿಗೂ ಸೊಂಟ ಸರಿಯಿಲ್ಲ. ನಾನು ಎತ್ತರ ಅಂತ ನನ್ನನ್ನೇ ಗಂಡಸಿನ ಜಾಗದಲ್ಲಿ ನಿಲ್ಲಿಸ್ತಾರೆ. ಅಲ್ಲೂ ಎಲ್ಲರನ್ನೂ ಎಳ್ಕೊಂಡು ತಿರುಗೋದೇ ಆಯ್ತು." ನಕ್ಕಳು. ಆಮೇಲೆ ಕೇಳಿದಳು: "ರಾಡು ಈಗೆಲ್ಲಿದ್ದಾನೆ?"

ಇವೆಲೀಸ್‌ಗೆ ಗೊತ್ತಿತ್ತು. ನದಿಯಾಚೆ, ನ್ಯೂಜೆರ್ಸಿಯಲ್ಲಿ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ್ದ.

"ಅದನ್ನ ನಾನು ಹೇಳೋ ಹಾಗಿಲ್ಲ, ಮಿಸೆಸ್ ಅಮೊರೂಸೊ."

"ಗೊತ್ತು. ಸುಮ್ನೆ ಕೇಳ್ದೆ."

ಇಬ್ಬರೂ ಫೋನ್ ಇಡಲಿಲ್ಲ.

"ಅವತ್ತು ವಿಚಾರಣೆ ಮುಗಿದ ಮೇಲೆ ಲಿಫ್ಟ್ ಹತ್ರ ರಾಡು ನನ್ನನ್ನ ನಿಲ್ಲಿಸಿದ," ಎಂದಳು ಇವೆಲೀಸ್. "ನಿಮ್ಮ ಬಗ್ಗೆ ಹೇಳ್ದ."

"ಏನಂದ?"

"ನೀವು ಎಡಕ್ಕೆ ತಿರುಗೋವಾಗ ಅವನು ನಡೆಸಬೇಕಾಗೇ ಇರ್ಲಿಲ್ವಂತೆ, ನೀವೇ ತಿರುಗ್ತಿದ್ರಂತೆ. ಅದೊಂದು ಮಾತು ಅವನಿಗೆ ಯಾರೂ ಹೇಳಿಕೊಟ್ಟಿದ್ದಲ್ಲ ಅಂದ."

ಕಾನ್ನಿ, "ಎಡಕ್ಕಾ?" ಎಂದಳು ಮೆಲ್ಲಗೆ. "ನನಗೆ ಬಲಕ್ಕೆ ತಿರುಗೋದು ಚೆನ್ನಾಗಿ ಬರತ್ತೆ ಅಂದ್ಕೊಂಡಿದ್ದೆ."

ಫೋನಿಟ್ಟ ಮೇಲೆ ಇವೆಲೀಸ್ ಕಿಟಕಿಯ ಬಳಿ ಹೋಗಿ ನಿಂತಳು. ಕೆಳಗೆ ಬೀದಿಯಲ್ಲಿ ಊಟ ಮುಗಿಸಿದ ಜನ ತಮ್ಮತಮ್ಮ ಕಚೇರಿಗಳಿಗೆ ಒಬ್ಬೊಬ್ಬರಾಗಿ ಮರಳುತ್ತಿದ್ದರು.