ಲಿಫ್ಟಣ್ಣನ ಬೀಗ

“ಅಯ್ಯೋ, ಕನ್ನಡಕ!” ಕಾರಿನೊಳಗೆ ಇಟ್ಟ ಕಾಲನ್ನು ಲಿಫ್ಟಣ್ಣನ ಹೆಂಡತಿ ಹಿಂದಕ್ಕೆ ತೆಗೆದರು. “ಅದಿಲ್ಲದೆ ಅವರು ಬಚ್ಚಲಿಗೂ ಹೋದವರಲ್ಲ. ಒಂದೇ ನಿಮಿಷ, ತಂದುಬಿಟ್ಟೆ!”

ಅವರು ಮನೆಯೊಳಗೆ ಓಡಿದ್ದನ್ನು ಅವರ ತಮ್ಮ ನೋಡಲಿಲ್ಲ. ಅಕ್ಕ ಕಾರಿನಲ್ಲಿ ಕೂತಾಯಿತೆಂದುಕೊಂಡು ವ್ಯಾನಿನ ಬೆನ್ನು ತಟ್ಟಿ, “ಹೊರಡಪ್ಪಾ” ಎಂದ. ಹೂವಿನ ನಡುವೆ ಮಲಗಿದ್ದ ಲಿಫ್ಟಣ್ಣ, ಪಕ್ಕದಲ್ಲಿ ಕೂತಿದ್ದ ಮಗಳ ಜೊತೆ, ಗೇಟು ದಾಟಿದ.

ಮನೆಯ ದೀಪಗಳೆಲ್ಲ ಪಟಕ್ಕನೆ ಆರಿದವು. ಬಾಗಿಲು ತಾನಾಗಿ ಮುಚ್ಚಿಕೊಂಡು ಬೀಗ ಬಿತ್ತು. ಬಾಗಿಲ ಮೇಲಿನ ಸ್ಪೀಕರು ಸತ್ತವನ ದನಿಯಲ್ಲೇ ಹೇಳಿತು: “ಮನೇಲಿ ಯಾರೂ ಇಲ್ಲ. ಆಮೇಲೆ ಬನ್ನಿ.”

ಅಂಗಳದಲ್ಲಿದ್ದವರು ಬೆಚ್ಚಿಬಿದ್ದರು. ಪಕ್ಕದ ಮನೆಯ ದರ್ಜಿ ಎದೆ ಹಿಡಿದುಕೊಂಡ. ಅಷ್ಟರಲ್ಲಿ ಕಿಟಕಿಯ ಸರಳುಗಳ ಹಿಂದೆ ಹೆಂಡತಿಯ ಮುಖ ಕಾಣಿಸಿತು.

“ಯಾರೂ ಇಲ್ವಂತೆ! ನಾನೇನು ದೆವ್ವವೇನ್ರೋ?”

*

ಲಿಫ್ಟು ರಿಪೇರಿ ಮಾಡಿಕೊಂಡು ಬದುಕಿದ್ದರಿಂದ ಬೀದಿಯವರಿಗೆಲ್ಲ ಅವನು ಲಿಫ್ಟಣ್ಣ. ಅವನ ಹೆಂಡತಿಗೆ ಒಂದೇ ಒಂದು ಕಾಯಿಲೆ. ಎಲ್ಲಿಗೇ ಹೊರಟರೂ ಅರ್ಧ ದಾರಿಯಲ್ಲಿ ಅವನ ತೋಳು ಹಿಡಿದು, “ರೀ, ಬೀಗ ಹಾಕಿದ್ನಾ?” ಎನ್ನುವುದು. ಅವನು ತುಟಿ ಪಿಟಕ್ಕೆನ್ನದೆ ಸ್ಕೂಟರು ತಿರುಗಿಸುತ್ತಿದ್ದ. ಬೀಗ ಯಾವಾಗಲೂ ಹಾಕಿಯೇ ಇರುತ್ತಿತ್ತು. ಮದುವೆಮನೆಗಳಲ್ಲಿ ಕೊನೆಯ ಪಂಕ್ತಿ ಇವರಿಬ್ಬರಿಗೇ ಮೀಸಲು. ಒಮ್ಮೆ ರೈಲಿನಿಂದಲೂ ಇಳಿದು ಬಂದಿದ್ದರು.

ಕೆಲಸದಿಂದ ನಿವೃತ್ತನಾದ ಮೇಲೆ ಅವನು ಊಟದ ಮೇಜನ್ನು ಆಕ್ರಮಿಸಿದ. ಹಳೇ ಲಿಫ್ಟಿನ ರಿಲೇಗಳು, ಆಟದ ಕಾರಿನ ಮೋಟಾರು, ಕೆಟ್ಟ ಚಾರ್ಜರುಗಳು, ರಾಶಿ ರಾಶಿ ವೈರು. ಮೊದಮೊದಲು ಹೆಂಡತಿ ಸೀನಿದರೆ ಫ್ಯಾನು ತಿರುಗುತ್ತಿತ್ತು. ಹಲ್ಲಿ ಓಡಾಡಿದರೆ ಕಳ್ಳ ಬಂದನೆಂದು ಸೈರನ್ನು ಬೊಬ್ಬೆ ಹೊಡೆದು ಬೀದಿಯೆಲ್ಲ ಸೇರುತ್ತಿತ್ತು.

“ಕಳ್ಳನಾದ್ರೂ ಬಂದು ಇದನ್ನ ಹೊತ್ಕೊಂಡು ಹೋಗಬಾರದಾ!” ಎಂದು ಹೆಂಡತಿ ಗೊಣಗುತ್ತಿದ್ದರು.

ಕೊನೆಗೂ ಅದು ಹದಕ್ಕೆ ಬಂತು. ಗುಂಡಗಿನ ಬಿಲ್ಲೆಯೊಂದನ್ನು ಜೇಬಿಗೆ ಹಾಕಿಕೊಂಡು ಅವನು ಬೀಗಿದ. “ಇದು ಗೇಟು ದಾಟಿದ್ರೆ ದೀಪ ಆರತ್ತೆ, ಬೀಗ ಬೀಳತ್ತೆ. ವಾಪಸ್ ಬಂದ್ರೆ ಎಲ್ಲ ತೆರ್ಕೊಳ್ಳತ್ತೆ. ಇನ್ನು ದಾರೀಲಿ ನೀನು ಗಾಬರಿ ಬೀಳಬೇಡ ಕಣೇ. ನಿನಗೂ ಒಂದು ಬಿಲ್ಲೆ ಮಾಡ್ಲಾ?”

“ನನಗ್ಯಾಕೆ? ಹೋದ್ರೆ ನಿಮ್ಮ ಜೊತೇಲಿ ತಾನೇ ಹೋಗೋದು?”

ಹಾಗಾಗಿ ಹೆಂಡತಿಯನ್ನು ಬಿಟ್ಟು ಒಬ್ಬನೇ ಹೊರಡುವಾಗ ಒತ್ತಲೆಂದು ಗೇಟಿನ ಹತ್ತಿರ ಒಂದು ಗುಂಡಿ ಇಟ್ಟ. ಆಕೆಯ ಉಗುರು ಬಣ್ಣದಲ್ಲೇ ಅದರ ಮೇಲೆ “ಇದ್ದಾಳೆ” ಎಂದು ಬರೆದ. ಅದನ್ನು ಒತ್ತಿ ಹೋದರೆ ಬೀಗ ಬೀಳುತ್ತಿರಲಿಲ್ಲ. ಒತ್ತುವುದನ್ನು ಅವನು ಒಂದು ದಿನವೂ ಮರೆತಿರಲಿಲ್ಲ.

*

ತಮ್ಮ ಈಗ ಆ ಗುಂಡಿಯನ್ನು ಕುಟ್ಟಿದ್ದೇ ಕುಟ್ಟಿದ್ದು. ಬೀಗ ಬಿದ್ದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ದರ್ಜಿ ಮೇನ್ ಸ್ವಿಚ್ಚು ಆರಿಸಿದ. “ಕರೆಂಟು ಹೋಯ್ತು, ಬ್ಯಾಟರಿ ಇದೆ, ಹೆದರಬೇಡಿ” ಎಂದ ಸ್ಪೀಕರಿನೊಳಗಿಂದ ಲಿಫ್ಟಣ್ಣ. ಯಾರೋ ಕಿಸಕ್ಕೆಂದರು.

“ನಗ್ತೀರಲ್ರೋ! ಅವರನ್ನ ಕಳಿಸಿಕೊಡೋಕೆ ನಾನಿಲ್ದಿದ್ರೆ ಹೇಗೆ? ಕೊನೇ ಸಲ ಮುಖ ನೋಡ್ಬೇಕು ನಾನು!” ಹೆಂಡತಿ ಕಿಟಕಿಯ ಸರಳು ಹಿಡಿದು ಅಲುಗಾಡಿಸಿದರು.

ದರ್ಜಿ ಹಾರೆ ತಂದ.

“ಬಾಗಿಲು ಮುಟ್ಟಿದ್ರೆ ಕೈ ಮುರೀತೀನಿ!” ಹೆಂಡತಿ ಒಳಗಿಂದ ಕೂಗಿದರು. “ಅವರು ಕೂತು ಮಾಡಿದ್ದು ಅದು. ಅವರೇ ಬಂದು ತೆಗೀಲಿ!”

ಹಣೆ ಚಚ್ಚಿಕೊಂಡು ತಮ್ಮ, ವ್ಯಾನಿನಲ್ಲಿದ್ದ ಅಕ್ಕನ ಮಗಳಿಗೆ ಫೋನು ಹಚ್ಚಿದ.

“ಅಪ್ಪನ ಬಿಲ್ಲೆ ಎಲ್ಲಮ್ಮಾ?”

“ಜೇಬಲ್ಲೇ ಇದೆ ಮಾಮ. ಯಾವಾಗ್ಲೂ ಇರತ್ತಲ್ಲ, ಇರಲಿ ಅಂತ ಬಿಟ್ಟೆ.”

“ನಿಮ್ಮಮ್ಮ ಒಳಗೆ ಸಿಕ್ಕಿಹಾಕ್ಕೊಂಡಿದ್ದಾಳೆ. ಅಪ್ಪನ್ನ ವಾಪಸ್ ಕರ್ಕೊಂಡು ಬಾ!”

ವ್ಯಾನು ತಿರುಗಿತು. ಗೇಟಿನೊಳಗೆ ಬರುತ್ತಿದ್ದಂತೆ ಮನೆಯ ದೀಪಗಳೆಲ್ಲ ಹೊತ್ತಿಕೊಂಡವು, ಬಾಗಿಲು ತೆರೆಯಿತು. “ಬಂದೆ ಕಣೇ, ಟೀ ಇಡು” ಎಂದಿತು ಸ್ಪೀಕರು.

ಡ್ರೈವರು ಇಳಿದು ಬೆವರು ಒರೆಸಿಕೊಂಡ. “ಕರ್ಕೊಂಡು ಹೋದವರನ್ನ ಮನೆಗೆ ವಾಪಸ್ ತಂದಿದ್ದು ಇದೇ ಮೊದಲು ಸಾರ್.”

“ಅಪ್ಪನಿಗೆ ಇದೇನು ಹೊಸದಲ್ಲ ಬಿಡಿ,” ಎಂದಳು ಮಗಳು. ಅಂಗಳವೆಲ್ಲ ನಕ್ಕಿತು. ಹೆಂಡತಿ ನಗುತ್ತ, ಅಳುತ್ತ ಬಂದು ಗಂಡನಿಗೆ ಕನ್ನಡಕ ಹಾಕಿದರು. “ಅರ್ಧ ದಾರಿಯಿಂದ ಬಂದ್ರಲ್ಲಾ, ಪಾಪ” ಎಂದು ಕೆನ್ನೆ ಸವರಿದರು. ಜೇಬಿನ ಬಿಲ್ಲೆ ತೆಗೆದು ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡರು. ಆಮೇಲೆ ವ್ಯಾನು ಹತ್ತಿ ಅವನ ಪಕ್ಕದಲ್ಲೇ ಕೂತರು.

ಎಲ್ಲ ಮುಗಿಸಿ ಬರುವ ಹೊತ್ತಿಗೆ ಸಂಜೆಯಾಗಿತ್ತು. “ನಾಳೆನೇ ಇದನ್ನೆಲ್ಲ ಕೀಳಿಸಿ ಸಾದಾ ಬೀಗ ಹಾಕ್ಸೋಣಮ್ಮ” ಎಂದಳು ಮಗಳು. ಹೆಂಡತಿ ಗೇಟು ದಾಟಿದರು. ದೀಪ ಹೊತ್ತಿತು.

“ಬಂದೆ ಕಣೇ, ಟೀ ಇಡು.”

“ಇಡ್ತೀನಿ, ತಾಳಿ,” ಎಂದರು ಅವರು. ಆದರೆ ಒಳಗೆ ಹೋಗಲಿಲ್ಲ. ಹಿಂದಕ್ಕೆ ತಿರುಗಿ ಬೀದಿಗೆ ಇಳಿದರು.

ಪಕ್ಕದ ಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ಕಿಟಕಿಯಿಂದ ನೋಡಿದ. ಲಿಫ್ಟಣ್ಣನ ಮನೆಯ ದೀಪ ಆರಿತು, ಹೊತ್ತಿತು, ಮತ್ತೆ ಆರಿತು, ಮತ್ತೆ ಹೊತ್ತಿತು.