ದೊಡ್ಡಪ್ಪ ತಿನ್ನದ ಮರಗೆಣಸು

ಇದು ನಿಜವಾಗಿ ನಡೆದದ್ದು. ಹೇಳುತ್ತಿರುವವನು ನಾನು ಎಂಬ ಒಂದೇ ಕಾರಣಕ್ಕೆ ನಂಬದೆ ಇರಬೇಡಿ. ಇದರಲ್ಲಿ ಬರುವವರು ಯಾರೂ ಈಗಿಲ್ಲ. ಅವರ ದನಿಗಳು ಮಾತ್ರ ನನ್ನ ಗಂಟಲಲ್ಲಿ ಉಳಿದಿವೆ.

ನಲವತ್ತೊಂಬತ್ತರ ಮಳೆಗಾಲ. ಮೈಸೂರಿನಲ್ಲಿ ಇಂಟರ್ ಓದಿ, ಪಾಠಕ್ಕಿಂತ ಮೇಷ್ಟ್ರುಗಳ ಕೆಮ್ಮನ್ನೇ ಚೆನ್ನಾಗಿ ಕಲಿತು, ಕೇಣಿಚಿರದ ಮನೆಗೆ ಮರಳಿದ್ದೆ. ತಿರುವಾಂಕೂರಿನ ಜನ ಜಮೀನು ಹುಡುಕಿಕೊಂಡು ಘಾಟಿ ಹತ್ತಿ ನಮ್ಮ ಕಡೆ ಬರುತ್ತಿದ್ದ ಕಾಲ. ನಮ್ಮ ಕಾಫಿ ತೋಟದ ಮೇಲಿನ ಗುಡ್ಡದಲ್ಲಿ ವರ್ಕಿ ಎಂಬಾತ ಹೆಂಡತಿ, ಎರಡು ಮಕ್ಕಳೊಂದಿಗೆ ಹುಲ್ಲಿನ ಗುಡಿಸಲು ಕಟ್ಟಿ ಮರಗೆಣಸು ಬೆಳೆದಿದ್ದ. ಕೀಳುವ ಹೊತ್ತಿಗೆ ಸರಿಯಾಗಿ ಮಲೇರಿಯಾ ಬಂತು. ಗಂಡ ಹೆಂಡತಿ ಇಬ್ಬರೂ ಮಲಗಿದರು.

ದೊಡ್ಡಮ್ಮ ಪ್ರೇಮಾವತಿ ನನ್ನ ಕೈಲಿ ಗಂಜಿ ಕಳಿಸಿದರೆ ವರ್ಕಿ ಚಾಪೆಯಿಂದಲೇ ಕೈ ಅಲ್ಲಾಡಿಸಿದ.

"ಬೇಡ ಮೋನೇ, ಬೇಡ ಮಗನೇ. ಬೇಡಿ ತಿನ್ನೋಕೆ ಘಾಟಿ ಹತ್ತಿದವನಲ್ಲ ನಾನು."

ಮಕ್ಕಳ ಕಣ್ಣು ಪಾತ್ರೆ ಬಿಟ್ಟು ಕದಲಲಿಲ್ಲ. ಕೊನೆಗೆ ಅವನೇ ಒಂದು ದಾರಿ ಹೇಳಿದ: ಒಂದು ಪಾತ್ರೆ ಗಂಜಿಗೆ ಒಂದು ಬುಟ್ಟಿ ಮರಗೆಣಸು, ನಾನೇ ಕಿತ್ತುಕೊಳ್ಳಬೇಕು. "ನಿಮ್ಮ ಮನೇಲಿ ತಿಂದರೆ ಮಾತ್ರ ನಮ್ಮ ಮನೇಲಿ ಕುಡೀತೀವಿ."

ಪಾಪ, ಅವನಿಗೇನು ಗೊತ್ತು? ನಾವು ಜೈನರು. ಗಡ್ಡ ನೆರೆದರೂ ಗೆಡ್ಡೆ ಮುಟ್ಟದವರು. ನೆಲದೊಳಗೆ ಬೆಳೆದದ್ದು ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ.

ಬುಟ್ಟಿ ನೋಡಿ ದೊಡ್ಡಮ್ಮ ಬಾಗಿಲಲ್ಲೇ ನಿಂತರು. "ನಾವು ತಿನ್ನಲ್ಲ ಅಂದ್ರೆ ಅವನು ಗಂಜಿ ಮುಟ್ಟಲ್ಲ. ಆ ಮಕ್ಕಳು ಉಳಿಯಲ್ಲ ಕಣೋ." ಬುಟ್ಟಿಯನ್ನು ನನ್ನ ಕಡೆಗೇ ತಳ್ಳಿ, "ಕೆಳಗೆ ನಮ್ಮ ತೋಟದ ಆಳು ಚಿರುತಳ ಮನೇಲೂ ಎಲ್ರೂ ಜ್ವರ ಬಂದು ಮಲಗಿದಾರೆ. ಅಲ್ಲಿಗೆ ಕೊಟ್ಟು ಬಾ. ದೊಡ್ಡಪ್ಪನ ಹತ್ರ ಉಸಿರೆತ್ತಬೇಡ."

ದಿನವೂ ಗಂಜಿ ಮೇಲಕ್ಕೆ, ಗೆಣಸು ಕೆಳಕ್ಕೆ. ದಿನವೂ ವರ್ಕಿಯ ಒಂದೇ ಪ್ರಶ್ನೆ: "ಗೌಡರಿಗೆ ಹಿಡಿಸಿತಾ?"

ನಾನು ದೊಡ್ಡಪ್ಪ ಪದ್ಮಪ್ಪನವರಂತೆ ಹೊಟ್ಟೆ ಮುಂದೆ ಬಿಟ್ಟು, ಮೀಸೆ ಒರೆಸಿ, ಮೂಗಿನಲ್ಲಿ ಹೇಳುತ್ತಿದ್ದೆ: "ಹೂಂ... ಬೆಣ್ಣೆ ಕಣಯ್ಯಾ, ಬೆಣ್ಣೆ! ಇನ್ನೊಂದು ತುಂಡು ಹಾಕು!"

ನಡುಗುವ ಜ್ವರದಲ್ಲೂ ವರ್ಕಿ ನಗುತ್ತಿದ್ದ. ನಕ್ಕ ಮೇಲೆ ಗಂಜಿ ಕುಡಿಯುತ್ತಿದ್ದ.

ಓಣಂ ಹೊತ್ತಿಗೆ ಎದ್ದು ಓಡಾಡತೊಡಗಿದ. ಒಂದು ಸಂಜೆ ನಾವು ಉಣ್ಣಲು ಕೂತಿದ್ದೇವೆ, ಅಂಗಳದಲ್ಲಿ ವರ್ಕಿ! ಕೈಯಲ್ಲಿ ಹಬೆಯಾಡುವ ಬಾಳೆಲೆ ಪೊಟ್ಟಣ.

"ಹೊತ್ತು ಮುಳುಗೋ ಮುಂಚೆ ಉಣ್ತೀರಿ ಅಂತ ಓಡಿ ಬಂದೆ, ಗೌಡರೇ. ತಗೊಳ್ಳಿ, ನಿಮ್ಮ ಬೆಣ್ಣೆಯಂಥ ಗೆಣಸು!" ಎಂದವನೇ ಹೊಟ್ಟೆ ಮುಂದೆ ಬಿಟ್ಟು, ಇಲ್ಲದ ಮೀಸೆ ಒರೆಸಿ, "ಇನ್ನೊಂದು ತುಂಡು ಹಾಕು!" ಎಂದು ಮೂಗಿನಲ್ಲಿ ಹೇಳಿಬಿಟ್ಟ.

ದೊಡ್ಡಪ್ಪನ ತುತ್ತು ಗಾಳಿಯಲ್ಲೇ ನಿಂತಿತು. "ನಾನಾ? ಗೆಡ್ಡೆಯಾ?" ಅದೇ ಮೂಗು, ಅದೇ ದನಿ.

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ, ನಾನೇ ಬಾಯಿ ಬಿಟ್ಟೆ.

"ವರ್ಕಿ ಚೇಟ್ಟಾ, ನಮ್ಮಲ್ಲಿ ಗೆಡ್ಡೆ ತಿನ್ನಲ್ಲ. ಒಂದು ತುಂಡೂ ತಿಂದಿಲ್ಲ. ಎಲ್ಲಾ ಚಿರುತಳ ಮನೆಗೆ ಹೋಯ್ತು. ಐದು ಜನ ಅದರಲ್ಲೇ ಬದುಕಿಕೊಂಡ್ರು."

ವರ್ಕಿಯ ಮುಖ ಕಪ್ಪಿಟ್ಟಿತು. ಪೊಟ್ಟಣವನ್ನೇ ನೋಡುತ್ತ ನಿಂತ. ಈಗ ಎಸೆಯುತ್ತಾನೆ ಅಂದುಕೊಂಡೆ.

"ಹಾಗಾದ್ರೆ," ನಿಧಾನವಾಗಿ ಕೇಳಿದ, "ಚಾಪೆ ಬಿಟ್ಟು ಏಳಲಾರದವನು ಐದು ಜನಕ್ಕೆ ಊಟ ಹಾಕಿದೆನಾ?"

"ಹೂಂ."

"ಗೌಡರ ಮನೆ ಹುಡುಗ ದಿನಾ ನನ್ನ ಗೆಣಸು ಹೊತ್ತನಾ?"

"ಹೂಂ."

ಮೊದಲು ನಕ್ಕವರು ದೊಡ್ಡಮ್ಮ. ಆಮೇಲೆ ದೊಡ್ಡಪ್ಪನ ಹೊಟ್ಟೆ ಕುಲುಕಿತು. ವರ್ಕಿ ಪೊಟ್ಟಣವನ್ನು ನನ್ನ ಕೈಗೆ ತುರುಕಿ, "ಓಡು ಮೋನೇ, ಬಿಸಿ ಆರೋ ಮುಂಚೆ ಚಿರುತಳ ಮನೆಗೆ!" ಎಂದು ಜಗಲಿಯ ಮೇಲೆ ಕುಸಿದು ಕೂತ. ಇಳಿಜಾರಿನ ಕೊನೆ ಮುಟ್ಟಿದರೂ ಮೇಲಿನಿಂದ ನಗು ಕೇಳುತ್ತಲೇ ಇತ್ತು. ಎಲ್ಲರಿಗಿಂತ ಜೋರಾಗಿದ್ದದ್ದು ವರ್ಕಿಯದೇ.