ಮೂರು ಲೀಟರ್ ನೀರು

"ಈ ಹಸಿರು ಸೀರೆ ಯಾರದ್ದೇ? ಬಾಯಿ ಬಿಡ್ರೇ ಮುಂಡೇವ. ಮೊಬೈಲಲ್ಲಿ ಎಲ್ಲ ಕಾಣ್ತದೆ ನಂಗೆ."

ತೋಟದ ಲೆಕ್ಕ ಬರೆಯುವ ರೈಟರ್ ರಾಜೀವ ಮೊಬೈಲನ್ನು ಒಬ್ಬೊಬ್ಬರ ಮುಖಕ್ಕೂ ಹಿಡಿದುಕೊಂಡು ಬಂದ. ಸಂಜೆ ಕಾಫಿ ಹಣ್ಣು ತೂಗುವ ಹೊತ್ತು. ಗಂಡಸರು, ಹೆಂಗಸರು ಎಲ್ಲ ಚೀಲದ ಪಕ್ಕದಲ್ಲಿ ಸಾಲಾಗಿ ನಿಂತಿದ್ದೆವು. ಮೊಬೈಲಿನೊಳಗೆ ಕಾಫಿ ಗಿಡಗಳ ಸಂದಿಯಲ್ಲಿ ಒಬ್ಬ ಹೆಂಗಸು ಸೀರೆ ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು. ಕ್ಯಾಮರಾ ಹಿಂದಿನ ಸಿಲ್ವರ್ ಮರದಲ್ಲಿದ್ದುದರಿಂದ ಮುಖವೊಂದು ಬಿಟ್ಟು ಬೇರೆಲ್ಲ ಕಾಣುತ್ತಿತ್ತು. ಮೇಸ್ತ್ರಿ ತಿಮ್ಮಪ್ಪ ಬಗ್ಗಿ ನೋಡಿ ಹಲ್ಲು ಕಿರಿದ. ಆಮೇಲೆ ನನ್ನ ಸೀರೆ ನೋಡಿ ಬಾಯಿ ಮುಚ್ಚಿಕೊಂಡ.

ಹಸಿರು ಸೀರೆ ನನ್ನದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕಾಫಿ ಕಳ್ರನ್ನ ಹಿಡಿಯಕ್ಕೆ ಗೌಡ್ರು ಕ್ಯಾಮ್ರ ಹಾಕ್ಸಿರದು, ನಿಮ್ಮ ಕುಂಡಿ ನೋಡಕ್ಕಲ್ಲ" ಅಂದ ರಾಜೀವ.

"ನೋಡ್ಬ್ಯಾಡಿ ಹಂಗಾದ್ರೆ ರಾಜೀವಯ್ಯ" ಅಂದಳು ದ್ಯಾವಮ್ಮ. ನನ್ನ ತಂಗಿ ಮೇಘಶ್ರೀಯ ಅತ್ತೆ ಅವಳು. ಈ ತೋಟದಲ್ಲೇ ತಲೆ ಹಣ್ಣಾದವಳು. "ಕಣ್ಣು ನಿಮ್ದೇ ತಾನೆ? ಆ ಕಡೆ ತಿರುಗ್ಸಿ."

"ಎದುರು ಮಾತಾಡ್ತೀಯ? ಲೈನಲ್ಲಿ ಕಕ್ಕಸು ಕಟ್ಸಿಲ್ವಾ ಗೌಡ್ರು? ಅಲ್ಲಿಗೆ ಹೋಗಿ ಸಾಯ್ರಿ."

ನಮ್ಮ ಕೂಲಿ ಲೈನುಮನೆಗಳಿರುವುದು ಹಳ್ಳದಾಚೆ, ಇನ್ನೊಂದು ಗುಡ್ಡದ ಮೇಲೆ. ಇಳಿದು, ದಾಟಿ, ಹತ್ತಿ, ಮತ್ತೆ ಹಾಗೇ ವಾಪಸು ಬರುವಷ್ಟರಲ್ಲಿ ಅರ್ಧ ಚೀಲ ಹಣ್ಣು ಹೋಯಿತು ಅಂತಲೇ ಲೆಕ್ಕ. ಕೊಯ್ಲಿನಲ್ಲಿ ನಮಗೆ ಕೊಡುವುದು ಕೆಜಿ ಮೇಲೆ, ಕಾಲು ಸವೆಸಿದ್ದಕ್ಕಲ್ಲ.

ಮೊದಲು ಹೀಗಿರಲಿಲ್ಲ. ಹಳ್ಳದ ತಲೆಯಲ್ಲಿ ಒಂದು ದೊಡ್ಡ ಬಿದಿರು ಮೆಳೆ ಇತ್ತು. ಹೆಂಗಸರು ಹೋಗುವ ಜಾಗ ಅಂತ ಎಲ್ಲರಿಗೂ ಗೊತ್ತು, ಕುಡಿದ ಗಂಡಸು ಕೂಡ ಆ ದಿಕ್ಕಿಗೆ ತಲೆ ಹಾಕುತ್ತಿರಲಿಲ್ಲ. ನನ್ನವ್ವ, ಅವಳವ್ವ ಎಲ್ಲ ಅಲ್ಲಿಗೇ ಹೋದವರು. ಗೌಡರ ಸೊಸೆ ಕೃತಿಕಾ ಅಮ್ಮಾರು ಹೋಮ್‌ಸ್ಟೇ ಶುರು ಮಾಡಿದಾಗ ಮೆಳೆಯನ್ನು ಬುಡಸಮೇತ ಕೀಳಿಸಿ ಅಲ್ಲೊಂದು ಮರದ ಅಟ್ಟಣೆ ಕಟ್ಟಿಸಿದರು. ಡೆಕ್ಕು ಅಂತಾರೆ ಅದಕ್ಕೆ. ಪೇಟೆಯಿಂದ ಬಂದ ಗೆಸ್ಟುಗಳು ಬೆಳಿಗ್ಗೆ ಅದರ ಮೇಲೆ ಚಾಪೆ ಹಾಸಿ ಕೂತು, ಮೂಗಿನ ಒಂದೊಂದೇ ಹೊಳ್ಳೆ ಮುಚ್ಚಿ ಉಸಿರು ಬಿಡುತ್ತಾರೆ. ಆರೋಗ್ಯಕ್ಕಂತೆ. ಪಕ್ಕದಲ್ಲೇ ಅವರಿಗೊಂದು ಬಾತ್‌ರೂಮು, ಹಗಲೂ ರಾತ್ರಿ ಬಿಸಿನೀರು.

ಮೆಳೆ ಹೋದ ಮೇಲೆ ಗಿಡದ ಮರೆಗೆ ಹೋಗುತ್ತಿದ್ದೆವು. ಕಾಫಿ ರೇಟು ಏರಿ, ಕಳ್ಳರು ಹೆಚ್ಚಿ, ಮರಮರಕ್ಕೂ ಕ್ಯಾಮರಾ ಬಂತು. ಯಾವುದು ಯಾವ ಕಡೆ ನೋಡುತ್ತದೋ ನಮಗೇನು ಗೊತ್ತು? ಅದಕ್ಕೇ ನೀರು ಬಿಟ್ಟೆವು. ಬೆಳಿಗ್ಗೆ ಗಂಟಲು ಒದ್ದೆಯಾಗುವಷ್ಟು ಕರಿಕಾಫಿ ಕುಡಿದರೆ ಸಂಜೆ ಲೈನು ಸೇರುವವರೆಗೆ ಹನಿ ನೀರಿಲ್ಲ. ಬಾಯಿ ಒಣಗಿದರೆ ಎಲೆ ಅಡಿಕೆ. ನಮ್ಮ ಕೆಂಪು ಬಾಯಿ ಚೆಂದ ಅಂತ ಗೆಸ್ಟುಗಳು ಫೋಟೊ ತೆಗೆಯುತ್ತಾರೆ.

ನಾವೇನೋ ತಡೆದುಕೊಂಡೆವು. ಮೇಘಶ್ರೀ ಬಸುರಿ. ಮದುವೆಯಾಗಿ ಎಷ್ಟೋ ಕಾಲದ ಮೇಲೆ, ಊರಿನವರೆಲ್ಲ ಬಂಜೆ ಅಂತ ಪಿಸುಗುಟ್ಟಿದ ಮೇಲೆ ನಿಂತ ಬಸುರು. ಏಳು ತುಂಬಿತ್ತು. ಗಂಡ ಸಂಸೆ ಕಡೆ ಅಡಿಕೆ ಕೊನೆ ತೆಗೆಯಲು ಹೋಗಿದ್ದ.

"ಅಕ್ಕ, ಹೊಯ್ಯುವಾಗ ಬೆಂಕಿ ಬಿದ್ದಂಗೆ ಉರಿ ಕಣೆ" ಅಂದಳು ಒಂದು ದಿನ, ಹಣ್ಣು ಬಿಡಿಸುತ್ತಾ, ನನ್ನ ಮುಖ ನೋಡದೆ. "ರಾತ್ರಿಯೆಲ್ಲ ಸೊಂಟ ಹಿಡ್ಕಂಡು ಅಳದೇ ಆಗ್ತದೆ."

ಆ ವಾರವೇ ಅಮ್ಮಾರು ಕಾಫಿ ಕಣದಲ್ಲಿ ಆರೋಗ್ಯ ಶಿಬಿರ ಇಟ್ಟರು. ನಮ್ಮ ಮೇಲೆ ಪ್ರೀತಿ ಉಕ್ಕಿ ಅಲ್ಲ. ಕಾಫಿ ಕೊಳ್ಳುವ ಫಾರಿನ್ ಕಂಪನಿಯವರಿಗೆ ಕೂಲಿಯವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ ಕಾಣಬೇಕಂತೆ. ಚಿಕ್ಕಮಗಳೂರಿನಿಂದ ವರ್ಷಿಣಿ ಅಂತ ಡಾಕ್ಟ್ರಮ್ಮ ಬಂದಿದ್ದರು. ಸಣ್ಣ ಪ್ರಾಯ, ಮೆತ್ತಗಿನ ಮಾತು. ಮೇಘಶ್ರೀಯ ಹೊಟ್ಟೆ, ಬೆನ್ನು ಮುಟ್ಟಿ ನೋಡಿದವರು ಮುಖ ಗಂಟು ಹಾಕಿಕೊಂಡರು.

"ಮೂತ್ರದಲ್ಲಿ ಸೋಂಕಾಗಿದೆ. ಹೀಗೇ ಬಿಟ್ರೆ ಮಗುಗೆ ಅಪಾಯ, ನಿಂಗೂ ಅಪಾಯ. ಮಾತ್ರೆ ಕೊಡ್ತೀನಿ. ಆದ್ರೆ ಮುಖ್ಯ ಔಷಧಿ ನೀರು." ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಎಲ್ರೂ ದಿನಕ್ಕೆ ಮೂರು ಲೀಟರ್ ನೀರು ಕುಡೀಬೇಕು. ಬಂದಾಗ ತಡ್ಕೊಬಾರ್ದು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಯಾರೋ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಕುಡೀಬೋದು ಕಣವ್ವ" ಅಂದಳು ದ್ಯಾವಮ್ಮ. "ಹೊಯ್ಯದೆಲ್ಲಿ?"

ಡಾಕ್ಟ್ರಮ್ಮ ತಿರುಗಿ ಅಮ್ಮಾರ ಮುಖ ನೋಡಿದರು. ಅಮ್ಮಾರು ನಗುತ್ತಲೇ ಹೇಳಿದರು. "ಡೆಕ್ ಹತ್ರ ಬಾತ್‌ರೂಮ್ ಇದ್ಯಲ್ಲ. ಯಾರು ಬೇಕಾದ್ರೂ ಹೋಗ್ಬಹುದು. ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ? ಇವ್ರೆಲ್ಲ ನಮ್ಮ ಮನೆಯವ್ರ ಥರಾನೇ, ಡಾಕ್ಟ್ರೇ. ಇವ್ರಿಗೇ ಸಂಕೋಚ."

ಡಾಕ್ಟ್ರಮ್ಮನಿಗೆ ಸಮಾಧಾನವಾಯಿತು. ಅಮ್ಮಾರು ನಮಗೆಲ್ಲ ತೋಟದ ಹೆಸರು ಬರೆದ ಒಂದೊಂದು ಸ್ಟೀಲ್ ಬಾಟಲಿ ಕೊಟ್ಟು, ಅದನ್ನು ಮೇಲೆತ್ತಿ ಹಿಡಿಸಿ ಫೋಟೊ ತೆಗೆದರು.

ಎಲ್ಲರೆದುರು ಆಡಿದ ಮಾತು ಅಂತ ನಾವು ನಂಬಿಬಿಟ್ಟೆವು. ನಮ್ಮಲ್ಲಿ ನಾಕು ಜನರೆದುರು ಒಂದು ಮಾತು ಆಡಿದರೆ ಮುಗಿಯಿತು, ಹಿಂದೆ ಸರಿಯುವ ಹಾಗಿಲ್ಲ. ದೊಡ್ಡವರಿಗೂ ಹಾಗೇ ಅಂದುಕೊಂಡೆವು.

ಮಾರನೇ ದಿನ ಮೇಘಶ್ರೀ ಬಾಟಲಿ ತುಂಬ ನೀರು ಕುಡಿದಳು. ಎಷ್ಟೋ ತಿಂಗಳ ಬಾಯಾರಿಕೆ. ಕುಡಿದು ಹೊಟ್ಟೆ ಸವರಿಕೊಂಡು "ನೋಡಕ್ಕ, ಒಳಗೆ ಒದೀತಾ ಐತೆ, ಇದ್ಕೂ ಬಾಯಾರಿತ್ತು ಅಂತ ಕಾಣ್ತದೆ" ಅಂದಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಹೊತ್ತು ಏರಿದ ಮೇಲೆ ಅವಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಅವಳು ಒಳಗೆ ಹೋದಳು, ನಾನು ಹೊರಗೆ ನಿಂತೆ. ಚಾಪೆ ಸುತ್ತಿ ಹಿಡಿದುಕೊಂಡ ಒಬ್ಬ ಗೆಸ್ಟ್ ಹೆಂಗಸು ಬಂದು ನನ್ನ ಕೆಸರುಗಾಲು ನೋಡಿ ಹಾಗೇ ವಾಪಸು ಹೋದಳು. ಸ್ವಲ್ಪ ಹೊತ್ತಿಗೆ ಅಮ್ಮಾರು ಬಂದರು, ಹಿಂದೆ ರಾಜೀವ.

"ಯಾರು ಒಳಗೆ?"

"ತಂಗಿ, ಅಮ್ಮಾರೆ. ನಿನ್ನೆ ನೀವೇ ಅಂದ್ರಲ್ಲ..."

"ಅಂದೆ. ಡಾಕ್ಟ್ರ ಎದುರು ಮತ್ತೇನು ಹೇಳ್ಲಿ? ಅಷ್ಟೂ ತಿಳ್ಯಲ್ವಾ ನಿಮ್ಗೆ?" ಗೆಸ್ಟುಗಳಿಗೆ ಕೇಳಬಾರದೆಂದು ಮೆಲ್ಲಗೆ ಮಾತಾಡುತ್ತಿದ್ದರು. "ಪೂಜೆಗೆ ಬರೋ ಭಟ್ರೂ ಇಲ್ಲಿಗೇ ಹೋಗೋದು. ಅವ್ರಿಗೆ ಗೊತ್ತಾದ್ರೆ ನಮ್ಮನೇಲಿ ನೀರು ಮುಟ್ತಾರಾ?"

ಮೇಘಶ್ರೀ ಹೊರಗೆ ಬಂದಾಗ ರಾಜೀವ ಅವಳ ಕೈಗೆ ಫಿನಾಯಿಲ್ ಬಾಟಲಿ, ಬ್ರಷ್ಷು ಕೊಟ್ಟ.

"ನಾನು ತೊಳೀತೀನಿ ಅಮ್ಮಾರೆ. ಅವ್ಳಿಗೆ ಬಗ್ಗಕ್ಕಾಗದಿಲ್ಲ" ಅಂದೆ.

"ಹೋದೋಳು ಅವ್ಳು ತಾನೆ. ಅವ್ಳೇ ತೊಳೀಲಿ. ಬಾಗ್ಲಿನ ಹಿಡೀನೂ ಒರೆಸ್ಲಿ."

ನನ್ನ ತಂಗಿ ಆ ಹೊಟ್ಟೆ ಇಟ್ಟುಕೊಂಡು ಮಂಡಿಯೂರಿ ಉಜ್ಜಿದಳು. ಫಿನಾಯಿಲ್ ಘಾಟಿಗೆ ಓಕರಿಕೆ ಬಂದಾಗ ಸೆರಗನ್ನು ಬಾಯಿಗೆ ತುರುಕಿಕೊಂಡಳು, ಅಲ್ಲೇ ವಾಂತಿಯಾದರೆ ಅದನ್ನೂ ತೊಳೆಯಬೇಕಲ್ಲ. ಅಮ್ಮಾರು ಮೂಗಿಗೆ ದುಪಟ್ಟ ಹಿಡಿದು, ಮುಗಿಯುವವರೆಗೂ ನಿಂತಿದ್ದರು. ನಾನೂ ನಿಂತಿದ್ದೆ. ಆಮೇಲೆ ರಾಜೀವ ಬೀಗ ತಂದು ಹಾಕಿದ.

ಅವತ್ತಿನಿಂದ ಮೇಘಶ್ರೀ ಬಾಟಲಿ ತುಂಬಿಕೊಂಡು ಬರುವಳು, ತುಂಬಿದ ಬಾಟಲಿಯನ್ನೇ ವಾಪಸು ಒಯ್ಯುವಳು. "ಒಂದು ಗುಟುಕು ಕುಡಿಯೇ" ಅಂತ ಗೋಗರೆದರೆ "ಬ್ಯಾಡಕ್ಕ" ಅನ್ನುವಳು. ಬೈದರೂ ಅದೇ, ಅತ್ತರೂ ಅದೇ.

ದ್ಯಾವಮ್ಮ ಸೊಸೆಗಾಗಿ ಹಣ್ಣು ಹಾಸುವ ಟಾರ್ಪಾಲನ್ನೇ ಗಿಡದಿಂದ ಗಿಡಕ್ಕೆ ಕಟ್ಟಿ ಒಂದು ಮರೆ ಮಾಡಿದಳು. ಮೇಘಶ್ರೀ ಅದರೊಳಗೆ ಕಾಲಿಡುವ ಮೊದಲೇ ರಾಜೀವ ಬೈಕಿನಲ್ಲಿ ಬಂದು ಹಗ್ಗ ಕೊಯ್ದು ಹಾಕಿದ.

"ಒಳಗೆ ಹಣ್ಣು ಕದ್ದು ಇಡ್ತೀರೋ ಏನೋ. ಕ್ಯಾಮ್ರಕ್ಕೆ ಅಡ್ಡ ಏನೂ ಇರಬಾರ್ದು."

"ಬಸ್ರಿ ಹೆಂಗ್ಸು ಮಾರಾಯ್ರೆ" ಅಂದ ತಿಮ್ಮಪ್ಪ. ಅವತ್ತು ಅವನು ಹಲ್ಲು ಕಿರಿಯಲಿಲ್ಲ.

"ಬಸ್ರಿ ಆದ್ರೆ ಮನೇಲಿರ್ಲಿ. ಯಾರು ಕರೆದ್ರು?"

ಮನೆಯಲ್ಲಿದ್ದರೆ ಏನು ತಿನ್ನುವುದು?

ಅವಳಿಗೆ ಚಳಿಜ್ವರ ಹತ್ತಿತು. ಮಾತ್ರೆಯನ್ನೂ ನೀರಿಲ್ಲದೆ ಉಗುಳಲ್ಲಿ ನುಂಗುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಒಂದು ಮಧ್ಯಾಹ್ನ ಚೀಲ ಎಳೆಯುತ್ತಿದ್ದವಳು ಬೆನ್ನು ಹಿಡಿದುಕೊಂಡು ಹಾಗೇ ಕುಸಿದಳು. ಹಣ್ಣೆಲ್ಲ ಇಳಿಜಾರಲ್ಲಿ ಉರುಳಿ ಹೋಯಿತು. ಸೀರೆ ಒದ್ದೆಯಾಗಿತ್ತು, ಆದರೆ ಅದು ನೀರಲ್ಲ, ನೆತ್ತರು.

ತೋಟದ ಜೀಪು ಗೆಸ್ಟುಗಳನ್ನು ಹೇರಿಕೊಂಡು ಅತ್ತಿಗುಂಡಿ ಕಡೆ ಗುಡ್ಡ ತೋರಿಸಲು ಹೋಗಿತ್ತು. ರಾಜೀವ ಅಮ್ಮಾರಿಗೆ ಫೋನು ಹಚ್ಚಿದ. "ಸಂಜೆ ಬರ್ತದೆ, ಅಲ್ಲಿತಂಕ ಲೈನಲ್ಲಿ ಮಲಗ್ಸಿ ಅಂದ್ರು" ಅಂದ. ತಿಮ್ಮಪ್ಪ ಯಾರದೋ ಕೈಕಾಲು ಹಿಡಿದು ಗೊಬ್ಬರದ ಪಿಕಪ್ಪು ತರಿಸಿದ. ಗೊಬ್ಬರದ ಚೀಲದ ಮೇಲೆ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಒಯ್ದೆವು. ತಿರುವುತಿರುವಿಗೂ ಅವಳು ನನ್ನ ಕೈ ಕಚ್ಚಿ ಹಿಡಿದಿದ್ದಳು. ಆ ಗಾಯದ ಗುರುತು ಇನ್ನೂ ಇದೆ.

"ನೀರು ಕುಡೀಬೇಕು ಅಂತ ಯಾರೂ ಹೇಳಿಲ್ವಾ ನಿಮ್ಗೆ?" ಅಂತ ಅಲ್ಲಿನ ನರ್ಸು ಕೂಗಾಡಿದಳು. "ಕಾಡು ಜನ. ಹೇಳಿದ್ರೂ ತಲೆಗೆ ಹೋಗಲ್ಲ."



ಹೆಣ್ಣು ಮಗು. ತಲೆ ತುಂಬ ಕೂದಲಿತ್ತು. ಅಳಲಿಲ್ಲ. ದ್ಯಾವಮ್ಮ ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಕಾರಿಡಾರಿನ ಗೋಡೆಗೆ ಒರಗಿ ಕೂತಳು. ಯಾರು ಕೇಳಿದರೂ ಬಹಳ ಹೊತ್ತು ಕೊಡಲಿಲ್ಲ.

ಮೇಘಶ್ರೀ ಉಳಿದಿದ್ದಳು. ಸೋಂಕು ಮೂತ್ರಪಿಂಡಕ್ಕೆ ಏರಿದೆ, ಚೆನ್ನಾಗಿ ನೀರು ಕುಡಿದರೆ ಮಾತ್ರ ಬಚಾವು ಅಂದರು ಡಾಕ್ಟರು. ನಾನು ಲೋಟ ಬಾಯಿಗಿಟ್ಟರೆ ಅವಳು ಹಲ್ಲು ಕಚ್ಚಿಕೊಂಡಳು. ತುಟಿ ಒಡೆದು ರಕ್ತ ಕಟ್ಟಿತ್ತು.

"ಕುಡಿಯೇ, ನನ್ನವ್ವ."

"ಎಲ್ಲಿಗೆ ಹೋಗದಕ್ಕ ಆಮೇಲೆ?"

"ಇಲ್ಲೇ ಐತಲ್ಲೇ. ನೋಡು, ಮಂಚದ ಪಕ್ಕದಲ್ಲೇ ಬಾಗ್ಲು."

ಅವಳು ಕತ್ತು ತಿರುಗಿಸಿ ಆ ಬಾಗಿಲನ್ನು ನೋಡಿದಳು.

"ಯಾರ್ದದು?" ಅಂದಳು. "ತೊಳೀಬೇಕಾಗ್ತದೆ. ನಂಗೀಗ ಬಗ್ಗಕ್ಕಾಗಲ್ಲ."

ನಾನು ಲೋಟ ಕೆಳಗಿಟ್ಟು ಹೊರಗೆ ಬಂದು ಎದೆ ಬಡಿದುಕೊಂಡು ಅತ್ತೆ.

ಅದೇ ವಾರ ಫಾರಿನ್ ಕಂಪನಿಯವರು ಬಂದರು. ಬಾಟಲಿ ಹಿಡಿದುಕೊಂಡು ಎಲ್ಲ ಹೆಂಗಸರೂ ಡೆಕ್ಕಿನ ಹತ್ತಿರ ಬರಬೇಕು, ಬರದವರಿಗೆ ನಾಳೆಯಿಂದ ಕೆಲಸವಿಲ್ಲ ಅಂತ ರಾಜೀವ ಲೈನಿಗೆ ಬಂದು ಕೂಗಿ ಹೋದ. ಸುದ್ದಿ ಕೇಳಿ ಸಂಸೆಯಿಂದ ಓಡಿ ಬಂದಿದ್ದ ಅವಳ ಗಂಡನನ್ನು ಮೇಘಶ್ರೀಯ ಹತ್ತಿರ ಬಿಟ್ಟು ನಾನು ಬಂದೆ. ನನ್ನ ಬಾಟಲಿ ಆಸ್ಪತ್ರೆಯಲ್ಲೇ ಉಳಿದಿತ್ತು. ಮೇಘಶ್ರೀಯದು ಅವಳ ಮನೆಯ ಗೂಡಿನಲ್ಲಿತ್ತು. ಅದನ್ನೇ ಎತ್ತಿಕೊಂಡೆ. ಭಾರವಾಗಿತ್ತು. ಅವಳು ಬಿದ್ದ ದಿನದ ನೀರು ಹಾಗೇ ಇತ್ತು.

ದ್ಯಾವಮ್ಮ ದಾರಿಯುದ್ದಕ್ಕೂ ನೀರು ಕುಡಿಯುತ್ತಾ ಬಂದಳು. ಬಾಟಲಿ ಖಾಲಿ ಮಾಡಿ, ಕಣದ ನಲ್ಲಿಯಲ್ಲಿ ಮತ್ತೆ ತುಂಬಿಸಿ, ಅಲ್ಲೇ ನಿಂತು ಅದನ್ನೂ ಕುಡಿದಳು. ಮಗು ಹೋದ ಮೇಲೆ ಅವಳು ಅನ್ನ ಮುಟ್ಟಿರಲಿಲ್ಲ. ಸಂಕಟಕ್ಕೆ ಹೀಗೆ ಮಾಡುತ್ತಿದ್ದಾಳೆ ಅಂದುಕೊಂಡೆ.

ಡೆಕ್ಕಿನ ಮೇಲೆ ಹೊಸ ಚಾಪೆ ಹಾಸಿದ್ದರು. ಕಂಪನಿಯವರು ಕುರ್ಚಿಯಲ್ಲಿ ಕೂತು ನಮ್ಮದೇ ಕಾಫಿ ಕುಡಿಯುತ್ತಿದ್ದರು. ನಮ್ಮನ್ನು ಕೆಳಗೆ ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದ್ದರು.

"ಎಲ್ರೂ ಬಾಟಲ್ ಬಾಯಿ ಹತ್ರ ಹಿಡೀರಿ, ಕುಡಿಯೋ ಥರ" ಅಂದರು ಅಮ್ಮಾರು.

ಎಲ್ಲರೂ ಹಿಡಿದೆವು. ಯಾರೂ ಕುಡಿಯಲಿಲ್ಲ. ಅಭ್ಯಾಸ.

ದ್ಯಾವಮ್ಮ ಸಾಲು ಬಿಟ್ಟು ಹೊರಟಳು. ಮಂಡಿ ನೋವಿನ ಕಾಲು ಎಳೆದುಕೊಂಡು ಮೆಟ್ಟಿಲು ಹತ್ತಿ, ಚಾಪೆಯ ನಡುವೆ ಹೋಗಿ ನಿಂತಳು. ಎದುರಿನ ಸಿಲ್ವರ್ ಮರದ ಕ್ಯಾಮರಾಕ್ಕೆ ಮುಖ ಕೊಟ್ಟು ನಿಧಾನಕ್ಕೆ ಸೀರೆ ಎತ್ತಿಕೊಂಡು ಕೂತಳು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಲಗೆಯ ಮೇಲೆ ನೀರು ಬೀಳುವ ಸದ್ದು ಕೇಳಿತು. ಕಂಪನಿಯವರು ಕಪ್ಪು ಹಿಡಿದೇ ಎದ್ದು ನಿಂತರು.

"ರಾಜೀವಾ" ಅಂತ ಕರೆದಳು ದ್ಯಾವಮ್ಮ. ಅಯ್ಯ ಅನ್ನಲಿಲ್ಲ. "ಮೊಬೈಲು ತೆಗ್ದು ನೋಡೋ, ಬೋಳಿಮಗನೆ. ಈ ಸರ್ತಿ ಮುಖಾನೂ ಕಾಣ್ತದೆ."

"ಎಳ್ಕೊಂಡು ಬಾರೋ ಅವ್ಳನ್ನ" ಅಂದರು ಅಮ್ಮಾರು. ಅವರ ದನಿ ಈಗ ಮೆಲ್ಲಗಿರಲಿಲ್ಲ. ರಾಜೀವ ಎರಡು ಹೆಜ್ಜೆ ಮುಂದೆ ಹೋಗಿ ನಿಂತ. ತಿಮ್ಮಪ್ಪ ಬೇರೆ ಕಡೆ ತಿರುಗಿಕೊಂಡ.

"ಫಿನಾಯಿಲು ತನ್ನಿ ಅಮ್ಮಾರೆ" ಅಂದಳು ದ್ಯಾವಮ್ಮ, ಕೂತಲ್ಲಿಂದಲೇ. "ಮಗೂನ ಮಣ್ಣು ಮಾಡ್ದೆ. ನಂಗೂ ಬಗ್ಗಕ್ಕಾಗಲ್ಲ. ಇವತ್ತು ನೀವು ತೊಳೀರಿ."

ನನ್ನ ಕೈಯಲ್ಲಿ ಮೇಘಶ್ರೀಯ ಬಾಟಲಿ ಇತ್ತು. ಮುಚ್ಚಳ ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ತಿರುಗಿಸಿದೆ. ಹಳೇ ನೀರಿನ ವಾಸನೆ ಬಂತು. ಎಲ್ಲರೂ ನೋಡುತ್ತಿರುವಾಗ ಅದನ್ನೆತ್ತಿ ಕುಡಿದೆ. ಗಂಟಲಿಗೆ ನುಂಗುವುದೇ ಮರೆತುಹೋದಂತಾಗಿ ನೀರು ಮೂಗಿಗೆ ಹತ್ತಿತು, ಬಿಡಲಿಲ್ಲ. ತಳ ಕಾಣುವವರೆಗೆ ಕುಡಿದು, ಬಾಟಲಿಯನ್ನು ಹುಲ್ಲಿನ ಮೇಲಿಟ್ಟು, ಮೆಟ್ಟಿಲು ಹತ್ತತೊಡಗಿದೆ.